ಉಳ್ಳಾಗಡ್ಡಿಯ ಹೆಬ್ಬೆರಳು

ನಮ್ಮ ಡ್ರಾಯಿಂಗ್ ಟೀಚರ್ ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ ಮಸಿ ಇರುತ್ತಿತ್ತು. ಎಡಗೈಯದೋ ಬಲಗೈಯದೋ ಎಂದು ಕೇಳಿದರೆ ಗೊತ್ತಿಲ್ಲ. ಒಂದು ಕಾಲಕ್ಕೆ ಎಡಗೈ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಆಮೇಲೆ ಹೈದರಾಬಾದಿಗೆ ಹೋಗಿ ಮನಶ್ಶಾಸ್ತ್ರ ಓದಿದೆ. ನೆನಪು ಪ್ರತಿ ಸಲವೂ ಹೊಸದಾಗಿ ಒಲೆಗೆ ಇಡುವ ಅಡುಗೆ, ನಿನ್ನೆಯ ಉಪ್ಪು ಇಂದಿಗೆ ಬರುವುದಿಲ್ಲ ಎಂದು ಅಲ್ಲಿ ಕಲಿತೆ. ಅಂದಿನಿಂದ ನನ್ನ ಯಾವ ನೆನಪಿನ ಮೇಲೂ ನನಗೆ ಭರವಸೆ ಇಲ್ಲ. ಟೀಚರ್ ಬಗ್ಗೆ ಹೇಳಲು ಕುಳಿತಾಗಲಂತೂ ಒಳಗಿನಿಂದ ಯಾರೋ ಕೇಳುತ್ತಲೇ ಇರುತ್ತಾರೆ: ಇದನ್ನು ನೀನು ನೋಡಿದೆಯಾ, ಕೇಳಿದೆಯಾ, ಕಟ್ಟಿಕೊಂಡೆಯಾ?

ಆದರೂ ಹೇಳುತ್ತೇನೆ. ನಂಬದಿದ್ದರೆ ಬಿಡಿ.

ಅವರು ಕಂಗ್ಟಿ ಕಡೆಯವರು. ನಮ್ಮ ಜಹೀರಾಬಾದಿನ ಖಾಸಗಿ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಬಂದರು. ಹಲಗೆಯ ಮುಂದೆ ತೆಲುಗು, ನನ್ನಂಥ ಕನ್ನಡದ ಮನೆಯ ಮಕ್ಕಳ ಬೆಂಚಿನ ಹತ್ತಿರ ಬಂದರೆ ಕನ್ನಡ, ಬಯ್ಯುವಾಗ ದಖ್ಖನಿ. ಬಿಳಿ ಸೀರೆ, ಅದರ ಅಂಚಿಗೆಲ್ಲ ಚಾಕ್‌ಪೀಸಿನ ಬಣ್ಣ. ಬಲ ಮಣಿಕಟ್ಟಿಗೆ ಬಳೆಯ ಬದಲು ಗಂಟು ಗಂಟಿನ ದಾರ ಸುತ್ತಿಕೊಂಡಿರುತ್ತಿದ್ದರು. ಚಹಾ ಬಸಿಯಲ್ಲಿ ಹಾಕಿಕೊಂಡು, ಆರಿಸದೆ, ಸುಡುಸುಡು ಕುಡಿಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ ಗೆಳತಿಯರು ಕಡಿಮೆ. ಯಾರ ಮಾತಿಗೂ ಹೂಂ ಎಂದು ತಲೆಯಾಡಿಸುವ ಅಭ್ಯಾಸ ಅವರಿಗಿರಲಿಲ್ಲ.

ಅವರ ತಂಗಿಯನ್ನು ಕೊಟ್ಟದ್ದು ತಾಂಡೂರಿಗೆ. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಯಾರ್ಡುಗಳಲ್ಲಿ ಒಡೆದ ತುಂಡುಗಳು ಗುಡ್ಡೆ ಬಿದ್ದಿರುತ್ತವೆ. ಟೀಚರ್ ಅಂಥ ತುಂಡುಗಳನ್ನು ತರಿಸಿ, ಅಂಚು ಉಜ್ಜಿಸಿ, ನಮ್ಮ ತೊಡೆಯ ಮೇಲೆ ಇಟ್ಟರು. ನುಣ್ಣನೆಯ ನೀಲಿಗಪ್ಪು ಕಲ್ಲು, ಮೇಲೆ ಬಿಳಿ ಗೆರೆ. ಡ್ರಾಯಿಂಗ್ ಪೀರಿಯಡ್ ಮುಗಿದರೆ ತೊಡೆ ಜೋಮು ಹಿಡಿದಿರುತ್ತಿತ್ತು. ಗೆರೆ ತಪ್ಪಿದರೆ ಒರೆಸುವಂತಿಲ್ಲ. "ತಪ್ಪ ಗೆರಿ ಇರ್ಲಿ ಬಿಡು, ಅದರ ಬಾಜೂಕ ಖರೇ ಗೆರಿ ಹಾಕು. ಎರಡೂ ಕಾಣ್ಲಿ" ಎನ್ನುತ್ತಿದ್ದರು.

ಅವರು ಕಲಿಸುವ ರೀತಿಯೇ ಬೇರೆ. ಒಂದು ವಸ್ತುವಿಗೆ ಮೂರು ಚಿತ್ರ. ಮೇಜಿನ ಮೇಲೆ ತಂಬಿಗೆ ಇಟ್ಟರೆನ್ನಿ. ಮೊದಲನೆಯದಕ್ಕೆ ಗಂಟಿನ ದಾರ ಹಿಡಿದು ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಕುತ್ತಿಗೆ ಎಷ್ಟು ಗಂಟು, ಹೊಟ್ಟೆ ಎಷ್ಟು ಗಂಟು ಎಂದು ಅಳೆದು ಕಲ್ಲಿನ ಮೇಲೆ ತೆಗೆಯಬೇಕು. ಇದರ ಹೆಸರು ದರ್ಜಿ ಚಿತ್ರ. ಎರಡನೆಯದನ್ನು ರೂಢಿಯಿಲ್ಲದ ಕೈಯಿಂದ, ಕಲ್ಲನ್ನು ನೋಡದೆ, ಕಣ್ಣನ್ನು ತಂಬಿಗೆಯಿಂದ ಕೀಳದೆ ತೆಗೆಯಬೇಕು. ಅದು ಕುಡುಕನ ಚಿತ್ರ. "ದರ್ಜಿ ಆತು, ಈಗ ಕುಡುಕ ಆಗ್ರಿ" ಎಂದ ಕೂಡಲೇ ಕ್ಲಾಸೆಲ್ಲ ನಗು. ತಂಬಿಗೆ ಸೊಟ್ಟಗಾಗಿ, ಬಾಯಿ ಒಂದು ಕಡೆ ಹೊಟ್ಟೆ ಒಂದು ಕಡೆ ಹೋಗಿರುತ್ತಿತ್ತು. ಆದರೆ ಆ ಸೊಟ್ಟ ತಂಬಿಗೆಯಲ್ಲಿ ನೀರಿನ ಭಾರ ಇರುತ್ತಿತ್ತು, ದರ್ಜಿಯದರಲ್ಲಿ ಇರುತ್ತಿರಲಿಲ್ಲ. ಕೊನೆಗೆ ಎರಡೂ ಕಲ್ಲುಗಳನ್ನು ಎದುರಿಗೆ ಒರಗಿಸಿಟ್ಟುಕೊಂಡು ಹಾಳೆಯ ಮೇಲೆ ಮೂರನೆಯದು. ಅದನ್ನು ಅವರು ಮನುಷ್ಯಾನ ಚಿತ್ರ ಎನ್ನುತ್ತಿದ್ದರು.

ಇದನ್ನೆಲ್ಲ ಅವರು ಯಾವುದೋ ತೆಲುಗು ವಾರಪತ್ರಿಕೆಯಲ್ಲಿ ಬಂದ ಲೇಖನದ ಮೇಲೆ ಕಟ್ಟಿದ್ದರು. ಎಡ ಮೆದುಳು ಲೆಕ್ಕ ಮಾಡುತ್ತದೆ, ಬಲ ಮೆದುಳು ಚಿತ್ರ ಕಾಣುತ್ತದೆ ಎಂಬ ಮಾತು. ಎಡದ್ದು ದರ್ಜಿ, ಬಲದ್ದು ಕುಡುಕ ಎಂದು ಅವರೇ ಹೆಸರಿಟ್ಟರು. ಆ ಲೇಖನ ಅರ್ಧಕ್ಕರ್ಧ ತಪ್ಪು ಎಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಆ ಮಾತಿಗೆ ಬರುತ್ತೇನೆ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಗೆ ಹೊರಗಿನಿಂದ ಒಂದು ಕಂಪನಿಯವರು ಬಂದರು. ಟೈ ಕಟ್ಟಿದ ಇಬ್ಬರು, ಜೊತೆಗೆ ಒಂದು ದೊಡ್ಡ ಚಾರ್ಟು. ಅದರಲ್ಲಿ ಅರ್ಧ ನೀಲಿ ಅರ್ಧ ಕೆಂಪು ಮೆದುಳು. ಹತ್ತೂ ಬೆರಳಿನ ಅಚ್ಚು ಕೊಟ್ಟರೆ ಮಗು ಎಡ ಮೆದುಳಿನದೋ ಬಲ ಮೆದುಳಿನದೋ ಹೇಳುತ್ತೇವೆ ಎಂದರು. ಆಗ ಇನ್ನೂ ಅವರ ಹತ್ತಿರ ಮಷೀನಿರಲಿಲ್ಲ. ಇಂಕ್ ಪ್ಯಾಡಿಗೆ ಒತ್ತಿ, ಹಾಳೆಯಲ್ಲಿನ ಹತ್ತು ಚೌಕಗಳಲ್ಲಿ ಒತ್ತಬೇಕಿತ್ತು. ಇಡೀ ಶಾಲೆ ನೀಲಿ ಬೆರಳು ಹೊತ್ತು ಮನೆಗೆ ಹೋಯಿತು. ರಿಪೋರ್ಟು ಬಂದ ಮೇಲೆ ಎಡ ಮೆದುಳಿನವರಿಗೆ ಫೌಂಡೇಶನ್ ಸೆಕ್ಷನ್: ಗಣಿತ, ಮತ್ತೆ ಗಣಿತ, ಡ್ರಾಯಿಂಗ್ ಬಂದ್. ಬಲ ಮೆದುಳಿನವರಿಗೆ ಬೇರೆ ಸೆಕ್ಷನ್: ಡ್ರಾಯಿಂಗ್, ಡ್ಯಾನ್ಸು, ಗಣಿತ ಸ್ವಲ್ಪ.

ನಾನು ಎಡ ಎಂದು ಬಂತು. ನಮ್ಮಪ್ಪನಿಗೆ ಖುಷಿ. ಊರಿನಲ್ಲಿ ಅವರದು ತೊಗರಿಬೇಳೆಯ ಅಂಗಡಿ, ಬಂದವರಿಗೆಲ್ಲ ಹೇಳಿದರು. ನನ್ನ ಬೆಂಚಿನ ಸುವರ್ಣ ಬಲ ಎಂದು ಬಂದಳು. ಕ್ಲಾಸಿನಲ್ಲಿ ಗಣಿತಕ್ಕೆ ಅವಳನ್ನು ಬಿಟ್ಟರಿಲ್ಲ. ನಾನಾದರೋ ಡ್ರಾಯಿಂಗ್ ಪೀರಿಯಡ್ಡಿಗಾಗಿಯೇ ಶಾಲೆಗೆ ಹೋಗುತ್ತಿದ್ದವನು. ಒಂದೇ ದಿನದಲ್ಲಿ ಅವಳ ಗಣಿತ ಹೋಯಿತು, ನನ್ನ ಕಲ್ಲು ಹೋಯಿತು. ಟೀಚರ್ ಮುಂದೆ ನಿಂತು ಸುವರ್ಣ ಅತ್ತಳು. ನಾನು ಅಳಲಿಲ್ಲ ಎಂದು ನೆನಪು. ಆದರೆ ಗಂಡಸರ ನೆನಪು ಇಂಥ ಕಡೆ ಯಾವಾಗಲೂ ಒಣಗಿರುತ್ತದೆ.

ಟೀಚರ್ ಸಮಾಧಾನ ಹೇಳಲಿಲ್ಲ. ಮಣಿಕಟ್ಟಿನ ದಾರದ ಗಂಟು ಎಣಿಸುತ್ತ ಅಂದರು, "ಅರ್ಧಾ ಮಕ್ಕಳಿಗೆ ಜೀವಮಾನ ಪೂರ್ತಿ ದರ್ಜಿ ಆಗು ಅಂದ್ರು, ಅರ್ಧಾ ಮಕ್ಕಳಿಗೆ ಕುಡುಕ ಆಗು ಅಂದ್ರು. ಮನುಷ್ಯಾ ಆಗೋರು ಯಾರು?"

ಮುಂದಿನದು ನಮ್ಮ ಕ್ಲಾಸಿನವರೆಲ್ಲ ಸೇರಿದಾಗ ಹೇಳುವ ಕಥೆ. ಒಬ್ಬೊಬ್ಬರದು ಒಂದೊಂದು ರೀತಿ. ಬಲ ಮೆದುಳಿನ ಸೆಕ್ಷನ್ನಿಗೆ ಅಚ್ಚಿನ ಪಾಠ ಮಾಡುತ್ತೇನೆ ಎಂದು ಟೀಚರ್ ಸಣ್ಣ ಉಳ್ಳಾಗಡ್ಡಿ ತರಿಸಿದರು. ಫೌಂಡೇಶನ್ನಿನ ನಾವು ಕೆಲವರು ಊಟದ ಬಿಡುವಿನಲ್ಲಿ ಅಲ್ಲಿಗೆ ನುಗ್ಗಿದೆವು. ಉಳ್ಳಾಗಡ್ಡಿಯನ್ನು ಅಡ್ಡಕ್ಕೆ ನೇರ ಕೊಯ್ದು, ಬಟ್ಟೆಯಲ್ಲಿ ಒರೆಸಿ, ಮಸಿಗೆ ಒತ್ತಿ ಹಾಳೆಗೆ ಒತ್ತಿದರೆ ಸುತ್ತು ಸುತ್ತಿನ ಸುಳಿ ಬರುತ್ತದೆ. ಓರೆಯಾಗಿ ಕೊಯ್ದರೆ ಸುಳಿ ಉದ್ದಕ್ಕೆ ಬಾಗುತ್ತದೆ. ಬೆರಳಿನ ಅಚ್ಚೂ ಹಾಗೇ ಅಲ್ಲವೇ? ಕೆಲವರದು ಸುಳಿ, ಕೆಲವರದು ಬಾಗಿದ ಗೆರೆ. ಟೀಚರ್ ಕಂಪನಿಯ ಖಾಲಿ ಹಾಳೆಯೊಂದನ್ನು ಎಲ್ಲಿಂದಲೋ ತಂದಿದ್ದರು. ಅದರ ಹತ್ತು ಚೌಕಗಳಲ್ಲಿ ನಮ್ಮ ಹತ್ತು ಉಳ್ಳಾಗಡ್ಡಿಗಳನ್ನು ಆರಿಸಿ ಒತ್ತಿಸಿದರು. ಶಾಲೆಯಲ್ಲೇ ಇಲ್ಲದ ಒಂದು ಹುಡುಗಿಯ ಹೆಸರನ್ನು ಮೇಲೆ ಬರೆದರು. ಎಡಗೈ ಹೆಬ್ಬೆರಳಿನ ಚೌಕದಲ್ಲಿ ಬಿದ್ದದ್ದು ನನ್ನ ಉಳ್ಳಾಗಡ್ಡಿ.

ಹೀಗೆಂದು ನಾನು ಹೇಳುತ್ತೇನೆ. ಸುವರ್ಣ ಈಗ ನಾರಾಯಣಖೇಡದ ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಫೋನ್ ಮಾಡಿ ಕೇಳಿದೆ. "ನಿನ್ನ ಉಳ್ಳಾಗಡ್ಡಿ ಕೊಳೆತಿತ್ತೋ. ಎಡ ಹೆಬ್ಬಟ್ಟು ನಂದು. ನಿಂದು ಕಿರಿಬೆರಳ ಇರಬೇಕು, ಅದೂ ಗ್ಯಾರಂಟಿ ಇಲ್ಲ" ಎಂದಳು. ಗ್ಯಾರಂಟಿ ಇಲ್ಲದ್ದನ್ನು ಇಲ್ಲ ಎಂದೇ ಹೇಳುವವಳು ಅವಳು. ಹಾಗಾಗಿ ನನ್ನ ಹೆಬ್ಬೆರಳು ಅಲ್ಲಿಗೆ ಹೋಯಿತು.

ಆ ಹಾಳೆಯನ್ನು ಟೀಚರ್ ಕಂಪನಿಗೆ ಕಳಿಸಿದರು. ಉಳ್ಳಾಗಡ್ಡಿಗೂ ರಿಪೋರ್ಟು ಬಂತು. ಪಾಲಕರ ಸಭೆಯಲ್ಲಿ ಟೀಚರ್ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಿದರು. ಮಗು ಎಡ ಮೆದುಳಿನದು, ಶಿಸ್ತಿನದು, ಎಂಜಿನಿಯರ್ ಆಗಲು ತಕ್ಕದ್ದು, ಭಾವನೆಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ. ಓದಿ ಮುಗಿಸಿ ಹೆಡ್‌ಮಾಸ್ಟರನ್ನು ಕೇಳಿದರು, "ಸರ್, ಈ ಕೂಸಿಗೆ ಯಾವ ಸೆಕ್ಷನ್‌ದಾಗ ಕೂಡಿಸ್ಲಿ, ನೀವೇ ಹೇಳ್ರಿ."

"ರಿಪೋರ್ಟ್‌ದಾಗ ಬರ್ದದಲ್ಲಮ್ಮ. ಫೌಂಡೇಶನ್."

ಟೀಚರ್ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಉಳ್ಳಾಗಡ್ಡಿ ತೆಗೆದು ಮೇಜಿನ ಮೇಲೆ ಇಟ್ಟರು. "ಹಂಗಾದ್ರ ನಾಳಿಂದ ಇದಕ್ಕೊಂದು ಬೆಂಚ್ ಹಾಕಿಸ್ರಿ."

ಹಸಿರು ಮೇಜುಬಟ್ಟೆ, ಅದರ ಮೇಲೆ ಕೆಂಪು ಉಳ್ಳಾಗಡ್ಡಿ. ಹೆಡ್‌ಮಾಸ್ಟರ್ ಕೈ ಅದರ ಹತ್ತಿರ ಹೋಗಿ ಹಿಂದಕ್ಕೆ ಬಂದದ್ದು. ಎರಡನೇ ಸಾಲಿನಲ್ಲಿ ನಮ್ಮಪ್ಪ ಕೈಕಟ್ಟಿಕೊಂಡು, ನಗದೆ ಕುಳಿತದ್ದು. ಎಲ್ಲ ಕಣ್ಣ ಮುಂದಿದೆ. ತೊಂದರೆ ಏನೆಂದರೆ, ಆ ಕೋಣೆಯಲ್ಲಿ ನಾನಿರಲಿಲ್ಲ. ಪಾಲಕರ ಸಭೆಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ನಾವು ಹೊರಗೆ ನಲ್ಲಿಯ ಹತ್ತಿರ ಇದ್ದೆವು, ಬಾಗಿಲು ಮುಚ್ಚಿತ್ತು. ಒಳಗಿಂದ ಒಮ್ಮೆಲೇ ನಗು ಕೇಳಿಸಿತು, ಅಷ್ಟೇ. ಆ ನಗುವಿನ ಸುತ್ತ ನಾನು ಮೇಜು, ಬಟ್ಟೆ, ಅಪ್ಪನ ಕೈ ಎಲ್ಲ ಕಟ್ಟಿದೆನೋ, ಯಾರಾದರೂ ಹೇಳಿದ್ದನ್ನು ನೋಡಿದೆ ಎಂದುಕೊಂಡೆನೋ, ತಿಳಿಯದು. ನಾನು ಓದಿದ ಶಾಸ್ತ್ರವನ್ನು ಕೇಳಿದರೆ, ಕಟ್ಟಿದ್ದೀ ಎನ್ನುತ್ತದೆ.

ಏನೇ ಆಗಿರಲಿ, ಸೆಕ್ಷನ್ನುಗಳು ಹಾಗೇ ಉಳಿದವು. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಟೀಚರಿಗೆ, ಮುಂದಿನ ವರ್ಷ ಬರುವುದು ಬೇಡ ಎಂದರು. ಸಿನಿಮಾದಲ್ಲಾದರೆ ಉಳ್ಳಾಗಡ್ಡಿ ಗೆಲ್ಲುತ್ತಿತ್ತು. ಹೋಗುವ ದಿನವೂ ಅವರು ತಲೆ ತಗ್ಗಿಸಲಿಲ್ಲ. ಕಲ್ಲುಗಳನ್ನೆಲ್ಲ ಒಂದು ಟ್ರಾಲಿ ಆಟೋದಲ್ಲಿ ಹೇರಿಕೊಂಡು, ತಾವೂ ಅವುಗಳ ಮೇಲೆಯೇ ಕುಳಿತು ಗೇಟು ದಾಟಿದರು. ಇದನ್ನು ಮಾತ್ರ ನೋಡಿದ್ದೇನೆ ಎಂದು ಹೇಳಬಲ್ಲೆ. ಸುವರ್ಣಳೂ ಒಪ್ಪುತ್ತಾಳೆ.

ಅಷ್ಟು ಹೊತ್ತಿಗಾಗಲೇ ಭಾನುವಾರದ ಕ್ಲಾಸು ಶುರುವಾಗಿತ್ತು. ರೈಲ್ವೆ ಸ್ಟೇಷನ್ನಿನ ಆಚೆ ಅವರು ಬಾಡಿಗೆಗಿದ್ದ ಮನೆಯ ಮಾಳಿಗೆ. ಗೋಡೆಗೆ ಅವರೇ ತೆಗೆದ ಬುದ್ಧನ ಚಿತ್ರ. ಒಂದು ಕಣ್ಣು ಅಳತೆಗೆ ಸರಿ, ಇನ್ನೊಂದು ಸ್ವಲ್ಪ ಇಳಿದದ್ದು. ಎರಡೂ ಸೆಕ್ಷನ್ನಿನ ಮಕ್ಕಳನ್ನು ಜೋಡಿ ಮಾಡಿ ಕೂಡಿಸುತ್ತಿದ್ದರು. ನನ್ನ ದರ್ಜಿ ಚಿತ್ರವನ್ನು ಸುವರ್ಣ ನೋಡಬೇಕು, ಅವಳ ಕುಡುಕನದನ್ನು ನಾನು ನೋಡಬೇಕು. ಅವಳಿಗೆ ಕುಡುಕನಾಗುವುದು ಕಷ್ಟ. ಕಣ್ಣು ಕಲ್ಲಿನ ಕಡೆ ಜಾರುತ್ತಿತ್ತು. ನನಗೆ ದಾರ ಹಿಡಿಯುವುದು ಬೇಸರ. "ಬ್ಯಾಸರಾದದ್ದೇ ನಿನಗ ಬೇಕಾದದ್ದು" ಎಂದು ದಾರವನ್ನು ನನ್ನ ಮಣಿಕಟ್ಟಿಗೆ ಕಟ್ಟಿದರು. ಒಂದು ಇಡೀ ಮಳೆಗಾಲ ನಾನು ಬರೀ ಅಳೆದೆ.

ಆ ಮಾಳಿಗೆಗೆ ನಾನು ಹೋದ ಕಥೆಯನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ್ದೇನೆ. ಚಿತ್ರಕಲೆಯ ಶಿಕ್ಷಕರಾಗುವವರಿಗೆ ಪಾಠ ಮಾಡುವ ಕೆಲಸ ನನ್ನದು. ಇಂಥ ಕಥೆ ಅವರಿಗೆ ಹಿಡಿಸುತ್ತದೆ. ಅಪ್ಪನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, "ನಾ ಟೀಚರ್ ಮನಿಗಿ ಹೋಗಾಂವ" ಎಂದೆ. ಅಪ್ಪ ತಕ್ಕಡಿಯಿಂದ ತಲೆ ಎತ್ತಲಿಲ್ಲ. ಬೇಡ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ಅವರಿಗೆ ಬೆನ್ನು ಹಾಕಿ ನಡೆದುಬಿಟ್ಟೆ. ನನ್ನ ಬದುಕಿನ ಮೊದಲ ಬಂಡಾಯ ಅದು ಎಂದು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಹೆಂಡತಿ ಹೇಳುತ್ತಾಳೆ.

ಟೀಚರ್ ಆಮೇಲೆ ನಾರಾಯಣಖೇಡದ ಒಂದು ಶಾಲೆಯಲ್ಲಿ ಇದ್ದರು. ಅಲ್ಲಿಯೂ ಯಾರೊಂದಿಗೋ ಜಗಳ ಮಾಡಿಕೊಂಡರು. ಕೊನೆಗೆ ತಾಂಡೂರಿಗೆ, ತಂಗಿಯ ಮನೆಗೆ ಬಂದರು. ಪಕ್ಕದಲ್ಲೇ ಪಾಲಿಶಿಂಗ್ ಯಾರ್ಡು. ಇಡೀ ದಿನ ಕಲ್ಲು ಉಜ್ಜುವ ಸದ್ದು, ಎಲೆಯ ಮೇಲೆ, ಅನ್ನದ ಮೇಲೆ, ಕಣ್ಣೆವೆಯ ಮೇಲೆ ಬೂದಿ ಬಣ್ಣದ ಧೂಳು. ಓದು ಮುಗಿದ ವರ್ಷ ನಾನು ಅವರನ್ನು ನೋಡಲು ಹೋದೆ. ಹೊಸದಾಗಿ ಕಲಿತದ್ದರ ಉರಿ ಇತ್ತು. ಚಹಾ ಕುಡಿಯುವುದಕ್ಕೂ ಪುರುಸೊತ್ತಿಲ್ಲದೆ ಹೇಳಿಬಿಟ್ಟೆ: ಎಡ ಮೆದುಳು ಬಲ ಮೆದುಳು ಎಂಬ ಆ ಹಂಚಿಕೆ ನಿಲ್ಲುವುದಿಲ್ಲ, ಎರಡರ ನಡುವೆ ನರಗಳ ದಪ್ಪ ಸೇತುವೆ ಇದೆ, ಒಂದು ಗೆರೆ ಎಳೆಯಬೇಕಾದರೂ ಎರಡೂ ಕಡೆ ಕೆಲಸ ನಡೆಯುತ್ತದೆ.

"ಅಂದ್ರ ಸುಳ್ಳಂತೇನು?" ಎಂದರು.

"ಪೂರಾ ಸುಳ್ಳಲ್ರಿ ಟೀಚರ್. ಕೆಲವು ಕೆಲಸ ಒಂದ್ ಕಡೀಗಿ ಜಾಸ್ತಿ ಇರ್ತಾವ. ಆದ್ರ ಒಬ್ಬಾಂವ ಎಡದಾಂವ, ಒಬ್ಬಾಂವ ಬಲದಾಂವ ಅನ್ನೋದು ಇಲ್ಲ. ಎರಡೂ ಕೂಡೇ ದುಡಿತಾವ."

"ನಾ ಇಷ್ಟ್ ವರ್ಷ ಮತ್ತೇನ್ ಹೊಯ್ಕೊಂಡೆನೋ?"

ನಾನು ಬಿಡಲಿಲ್ಲ. ಹೇಳಿದ್ದು ಸರಿಯಿರಬಹುದು, ಕೊಟ್ಟ ಕಾರಣ ತಪ್ಪು ಎಂದೆ. ಅವರು ಬಸಿಯಲ್ಲಿದ್ದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಕೆಳಗಿಟ್ಟರು.

"ಎಡ ಬಲ ತಪ್ಪಂದ್ರ ಮ್ಯಾಲ ಕೆಳಗ ಅನ್ನು, ಹಿಂದ ಮುಂದ ಅನ್ನು, ನಂಗೇನಾಗ್ಬೇಕು. ಎರಡ್ ಅವ, ಎರಡೂ ನಿನ್ನವು. ಒಂದು ಸುದ್ದಾ ಯಾರ ಕೈಗಿ ಕೊಡಬ್ಯಾಡ."

ಈ ಮಾತು ನನ್ನ ಡಿಗ್ರಿಗಿಂತ ಹೆಚ್ಚು ಕಾಲ ನನ್ನ ಜೊತೆಗಿದೆ. ಮಾತಿನ ಅಕ್ಷರ ಅಕ್ಷರ ಇದೇ ಎಂದು ಆಣೆ ಮಾಡಲಾರೆ. ಅದರ ಸಿಟ್ಟು ಇದೇ.

ಇತ್ತೀಚೆಗೆ ನಮ್ಮ ಕಾಲೇಜಿನಲ್ಲೇ ಒಂದು ಕಾರ್ಯಾಗಾರ ನಡೆಯಿತು. ದೂರದಿಂದ ಬಂದ ತಜ್ಞರೊಬ್ಬರು ಪರದೆಯ ಮೇಲೆ ಮೆದುಳು ತೋರಿಸಿದರು. ಮತ್ತೆ ಅರ್ಧ ನೀಲಿ, ಅರ್ಧ ಕೆಂಪು. ಚಿತ್ರಕಲೆ ಕಲಿಸುವವರು ಮಕ್ಕಳ ಅಳತೆ, ಲೆಕ್ಕ, ತರ್ಕ ಎಲ್ಲವನ್ನೂ ಬಾಗಿಲ ಹೊರಗೆ ಬಿಡಿಸಬೇಕು ಎಂದರು. ಹಿಂದಿನ ಸಾಲಿನಲ್ಲಿ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ನಾನು ಎದ್ದು ನಿಂತು, ಚಪ್ಪಲಿ ಬಿಡಬಹುದು, ಕಾಲು ಬಿಡಲಾಗುವುದಿಲ್ಲ ಎಂದೆ. ಪ್ರಿನ್ಸಿಪಾಲರಿಗೆ ಸಿಟ್ಟು ಬಂತು. ಶಾಸ್ತ್ರ ಬಲ್ಲ ಗೆಳೆಯರಿಗೆ ಬೇರೆಯೇ ತಕರಾರು: ನೀನು ಕಲಿಸುವ ದರ್ಜಿ, ಕುಡುಕ ಎಲ್ಲ ಹುಟ್ಟಿದ್ದು ಅದೇ ತಪ್ಪು ಸಿದ್ಧಾಂತದಿಂದ ಎನ್ನುತ್ತಾರೆ. ಹೌದು, ಅಲ್ಲಿಂದಲೇ ಹುಟ್ಟಿದ್ದು. ಮರುದಿನವೂ ನನ್ನ ಕ್ಲಾಸಿನಲ್ಲಿ ದಾರ ಹಂಚಿದೆ, ಕಣ್ಣು ಎತ್ತಿ ಕೈ ಬದಲಿಸಿ ಎಂದೆ. ತಡೆಯುವವರು ಬಂದು ತಡೆಯಲಿ.

ಟೀಚರ್ ಹೋದ ಸುದ್ದಿ ಕಳೆದ ವರ್ಷ ಬಂತು. ಮಧ್ಯಾಹ್ನ ಕುರ್ಚಿಯಲ್ಲಿ ಕುಳಿತಲ್ಲೇ ಹೋದರಂತೆ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ತಂಗಿ ನನ್ನನ್ನು ಗುರುತಿಸಿ ಒಳಗೆ ಕರೆದರು. ಯಾರ್ಡಿನ ಮಷೀನು ಅಂದು ಬಂದ್ ಆಗಿತ್ತು. ಕಲ್ಲುಗಳು ಗೋಡೆಗೆ ಒರಗಿದ್ದವು, ಒರೆಸಿ ಇಟ್ಟಂತೆ ಖಾಲಿ. ಮಸಿಯ ಹೆಬ್ಬೆರಳು ಯಾವ ಕೈಯದೆಂದು ಕೇಳಬೇಕೆಂದುಕೊಂಡೆ. ಆ ಮನೆಯಲ್ಲಿ ಅದು ಕೇಳುವ ಮಾತಾಗಿರಲಿಲ್ಲ.

ತಂಗಿಯೇ ಕೇಳಿದರು, "ನಿಮ್ಮಪ್ಪ ಆರಾಮ ಅರಾ? ಅವರ ಉಳ್ಳಾಗಡ್ಡಿ ನೆನಸ್ಕೊಂಡ್ ನಮ್ಮಕ್ಕ ಮೊನ್ನಿ ಮೊನ್ನಿತನಾ ನಗ್ತಿದ್ಳು."

ನನಗೆ ಅರ್ಥವಾಗಲಿಲ್ಲ. ಅಪ್ಪನಿಗೂ ಉಳ್ಳಾಗಡ್ಡಿಗೂ ಏನು ಸಂಬಂಧ ಎಂದೆ.

ಶಾಲೆಯಲ್ಲಿ ಮೀಟಿಂಗ್ ಆದ ದಿನ ಸಂಜೆ ನಿಮ್ಮಪ್ಪ ಅಕ್ಕನ ಮನೆಗೆ ಬಂದಿದ್ದರು, ನಾನೂ ಆಗ ಅಲ್ಲೇ ಇದ್ದೆ ಎಂದರು ಅವರು. ಭಾನುವಾರದ ಕ್ಲಾಸು ಎಂಬುದು ಆವರೆಗೆ ಇರಲೇ ಇಲ್ಲವಂತೆ. ಶುರು ಮಾಡಿ ಎಂದು ಕೇಳಿದವರೇ ನಮ್ಮಪ್ಪ. ಟೀಚರ್ ಹೂಂ ಎನ್ನುವ ಮೊದಲು ಅವರ ಮುಂದೆ ಒಂದು ಕಲ್ಲು ಇಟ್ಟು, ಮೊದಲು ನೀವು ಚಿತ್ರ ತೆಗೀರಿ ಎಂದರಂತೆ. "ನಾ ಕಣ್ಣಾರೆ ನೋಡೀನಿ. ಉಳ್ಳಾಗಡ್ಡಿ ಹೋಗಿ ಥೇಟ್ ಗೆಣಸು ಆಗಿತ್ತು" ಎಂದು ತಂಗಿ ನಕ್ಕರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

ವಿಕಾರಾಬಾದಿನಲ್ಲಿ ರೈಲು ಬದಲಿಸಿ ಜಹೀರಾಬಾದಿಗೆ ಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅಳುವ ಹೆಂಗಸು ಒಬ್ಬರದನ್ನು ಇನ್ನೊಬ್ಬರದರ ಜೊತೆ ಬೆರೆಸಿರಬಹುದು. ಅಂಗಡಿಯ ಮೆಟ್ಟಿಲ ಮೇಲೆ ನಾನು ನಿಂತದ್ದು ಏನಾಯಿತು ಹಾಗಾದರೆ? ಅಪ್ಪ ತಲೆ ಎತ್ತದೆ ಇದ್ದದ್ದು? ಸಾಕ್ಷಿಯ ಬಾಯಿಗೆ ನಾವೇ ಉತ್ತರ ಹಾಕಬಾರದು ಎಂದು ನನ್ನ ವಿದ್ಯೆ ಹೇಳುತ್ತದೆ. ಹಾಗಾಗಿ ತಂಗಿ ಹೇಳಿದ ಒಂದು ಮಾತನ್ನೂ ಅಪ್ಪನ ಮುಂದೆ ಆಡಲಿಲ್ಲ. ಅಂಗಡಿಯಲ್ಲಿ ಅವರು ಅಂಗೈಯಲ್ಲಿ ಬೇಳೆ ಹರಡಿಕೊಂಡು ನೋಡುತ್ತಿದ್ದರು. ಟೀಚರ್ ಹೋದರು ಎಂದೆ. ಆಮೇಲೆ, ನೀವು ಎಂದಾದರೂ ಅವರ ಮನೆಗೆ ಹೋಗಿದ್ದಿರಾ ಎಂದು ಕೇಳಿದೆ.

"ಹೋಗಿದ್ದೆ ಒಮ್ಮಿ. ಮೀಟಿಂಗ್ ಆದ ದಿನಾನೇ."

"ಮೀಟಿಂಗ್‌ದಾಗ ಮೇಜಿನ ಮ್ಯಾಲ ಉಳ್ಳಾಗಡ್ಡಿ ಇಟ್ಟಿದ್ರಾ ಅವರು?"

"ಅದು ನೆನಪಿಲ್ಲಪ. ಎಲ್ಲಾರೂ ನಕ್ಕಿದ್ದು ನೆನಪದ. ನಾನೂ ನಕ್ಕೀನಿ."

ಯಾಕೆ ಹೋಗಿದ್ದಿರಿ ಎಂದೆ. ಬೇಳೆಯನ್ನು ಚೀಲಕ್ಕೆ ಹಾಕಿ ಕೈ ಕೊಡವಿಕೊಂಡರು. ಶಾಲೆಯವರು ತಪ್ಪಿಸಿದ ಡ್ರಾಯಿಂಗನ್ನು ನೀವೂ ತಪ್ಪಿಸಬೇಡಿ, ಹುಡುಗನನ್ನು ಭಾನುವಾರ ಕಳಿಸುತ್ತೇನೆ ಎಂದು ಹೇಳಲು ಹೋಗಿದ್ದರಂತೆ. ನನಗೇಕೆ ಹೇಳಲಿಲ್ಲ ಎಂದರೆ, ನೀನೇ ಬಂದು, ಹೋಗುತ್ತೇನೆ ಎಂದೆಯಲ್ಲ, ಮತ್ತೇನು ಹೇಳಬೇಕಿತ್ತು ಎಂದರು.

"ಅಲ್ಲಿ ಏನಾತು?"

"ಏನಾಗ್ತದ. ಮೊದಲ ನೀವು ತೆಗೀರಿ ಅಂತ ಕಲ್ಲು ಮುಂದಿಟ್ಳು. ಎಡಗೈಲಿ, ನೋಡ್ಲಾರ್ದೆ." ಅಪ್ಪ ತಮ್ಮ ಎಡಗೈಯನ್ನು ನೋಡಿಕೊಂಡರು. "ಉಳ್ಳಾಗಡ್ಡಿ ತೆಗಿಯಾಕ ಹೋದೆ. ಗೆಣಸು ಆತು."

ಅಂದಿನ ಆ ಸಂಜೆಯ ನಂತರ ಅಪ್ಪನೂ ಟೀಚರ್ ತಂಗಿಯೂ ಒಬ್ಬರನ್ನೊಬ್ಬರು ನೋಡಿಲ್ಲ, ಮಾತಾಡಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಹೆಬ್ಬೆರಳು ಯಾವುದೋ, ಮೇಜಿನ ಮೇಲೆ ಏನಿತ್ತೋ, ನನ್ನ ಬಂಡಾಯ ಎಷ್ಟು ಬಂಡಾಯವೋ, ಗೊತ್ತಿಲ್ಲ. ನಮ್ಮಪ್ಪ ಅವರ ಮುಂದೆ ನೆಲಕ್ಕೆ ಕುಳಿತು, ರೂಢಿಯಿಲ್ಲದ ಕೈಯಲ್ಲಿ ಒಂದು ಉಳ್ಳಾಗಡ್ಡಿ ತೆಗೆದದ್ದು ಖರೆ. ಅದು ಗೆಣಸಿನ ಹಾಗೆ ಬಂದದ್ದೂ ಖರೆ.